ಅಜ್ಜಿಗೆ ಮಾತ್ರ ಕಾಣದ ಬಸದಿ

ಮೊನ್ನೆ ಆಫೀಸಿನಲ್ಲಿ ಒಂದು ಹಳೆಯ ರೂಟರನ್ನು ಮೇಜಿನ ಮೇಲಿಟ್ಟು ಕರೆಂಟು ಕೊಟ್ಟೆ. ಗಿರಾಕಿಗಳು ಬೇಡವೆಂದು ವಾಪಸು ಕೊಟ್ಟ ಡಬ್ಬಿಗಳನ್ನು ಪರೀಕ್ಷಿಸಿ, ಜೀವ ಇದ್ದರೆ ಒರೆಸಿ, ಇನ್ನೊಬ್ಬರ ಮನೆಗೆ ಕಳಿಸುವುದು ನಮ್ಮ ಪದ್ಧತಿ. ಹಸಿರು ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಡಬ್ಬಿ ಬೆಚ್ಚಗಾಗುತ್ತಾ ಬಂದ ಹಾಗೆ ಎಲ್ಲಿಂದಲೋ ಗಂಧದ ವಾಸನೆ ಬಂತು. ಯಾರಾದರೂ ಊದಿನಕಡ್ಡಿ ಹಚ್ಚಿದರೇನೋ ಅಂದುಕೊಂಡೆ. ದೇವರ ಪಟದ ಮೇಲೇ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿರುವ ನಮ್ಮ ಆಫೀಸಿನಲ್ಲಿ ಊದಿನಕಡ್ಡಿ ಹಚ್ಚುವ ಪುಣ್ಯಾತ್ಮರು ಯಾರು? ಬಗ್ಗಿ ನೋಡಿದರೆ ರೂಟರಿನ ನೆತ್ತಿಯ ಸೀಳುಗಳ ತುಂಬ ಒಣಗಿದ ಗಂಧ. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಒರೆಸಲು ಮನಸ್ಸು ಬರಲಿಲ್ಲ...

ಆ ಗಂಧ ಹಚ್ಚುತ್ತಿದ್ದವರು ಹಳೇಬೀಡಿನಿಂದ ಸ್ವಲ್ಪ ಆಚೆಗಿನ ಒಂದು ಚಿಕ್ಕ ಊರಿನ ಅಜ್ಜಿ. ಅವರ ಮನೆಗೂ ಪಕ್ಕದ ಪುಟ್ಟ ಬಸದಿಗೂ ನಡುವೆ ಒಂದು ಗೋಡೆ, ಒಂದು ತೆಂಗಿನಮರ, ಅಷ್ಟೇ ಅಂತರ. ಬಸದಿಯ ದೀಪ, ಎಣ್ಣೆ, ಪುರೋಹಿತರ ಊಟ ಎಲ್ಲವನ್ನೂ ಹಿಂದಿನಿಂದಲೂ ಆ ಮನೆಯವರೇ ನೋಡಿಕೊಂಡು ಬಂದಿದ್ದರಿಂದ ಊರಲ್ಲಿ ಅದಕ್ಕೆ ಬಸದಿ ಮನೆ ಎಂದೇ ಹೆಸರು. ತುಂಬಿದ ಮನೆ. ಮಗ, ಸೊಸೆ, ಮೈದುನರ ಮಕ್ಕಳು, ಅವರ ಮಕ್ಕಳು, ಹಟ್ಟಿಯ ತುಂಬ ದನ. ಹೋದಾಗಲೆಲ್ಲ ಯಾರ ಚಪ್ಪಲಿ ಯಾರದೆಂದು ತಿಳಿಯದೆ ನನ್ನದನ್ನು ಬಾಗಿಲ ಮೂಲೆಯಲ್ಲಿ ಬೇರೆಯಾಗಿ ಬಿಡುತ್ತಿದ್ದೆ.

ನಾನಾಗ ಅರಸೀಕೆರೆಯ ಈ ಇಂಟರ್ನೆಟ್ ಆಫೀಸಿಗೆ ಹೊಸದಾಗಿ ಸೇರಿದ್ದೆ. ಕಂಬದಿಂದ ಕಂಬಕ್ಕೆ ವೈರು ಎಳೆದು ಊರೂರಿಗೆ ಸಂಪರ್ಕ ಕೊಡುವ ಸಣ್ಣ ಆಫೀಸು. ಹೆಂಗಸೊಬ್ಬಳು ಸ್ಕೂಟರಿನಲ್ಲಿ ಬಂದು ವೈರು ಹಲ್ಲಲ್ಲಿ ಕಚ್ಚಿ ಸುಲಿಯುವುದನ್ನು ನೋಡಲು ಮೊದಮೊದಲು ಜನ ಜಗಲಿಗೆ ಬರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ, ಈಗಲೂ. ಬಸದಿ ಮನೆಯಿಂದ ಬಂದ ದೂರಿನ ಮೇಲೂ ಮೊದಲು ಸಿಟ್ಟೇ ಬಂದದ್ದು. ಏಕೆಂದರೆ ಅವರು ವಾರದಲ್ಲಿ ಹಲವು ಸಲ ಫೋನು ಮಾಡಿ "ಕ್ಯಾಮೆರಾ ಕಾಣ್ತಿಲ್ಲ" ಅನ್ನುತ್ತಿದ್ದರು, ನಾವು ಅರಸೀಕೆರೆಯಲ್ಲಿ ಕೂತು ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು. ಗರ್ಭಗುಡಿ, ದೀಪ, ಕಲ್ಲಿನ ಮೂರ್ತಿ, ಅಭಿಷೇಕ ಮಾಡುವ ಪುರೋಹಿತರ ಬೆನ್ನು, ಎಲ್ಲವೂ. "ಸರಿಯಾಗೈತೆ ಕಣ್ರೀ" ಎಂದು ಹೇಳಿ ನಮ್ಮವರು ದೂರು ಮುಗಿಸಿಬಿಡುತ್ತಿದ್ದರು.

ಕೊನೆಗೆ ಆಫೀಸಿನ ಯಜಮಾನರು ನನ್ನನ್ನೇ ಕಳಿಸಿದರು. ಹೋದ ಮೇಲೆ ವಿಷಯ ತಿಳಿಯಿತು. ಅಜ್ಜಿ ಮದುವೆಗೆ ಮುಂಚೆಯೇ, ಊರಿಗೆ ಬಂದಿದ್ದ ಜೈನ ಸಾಧ್ವಿಯೊಬ್ಬರ ಎದುರು ಒಂದು ನಿಯಮ ತೆಗೆದುಕೊಂಡಿದ್ದರಂತೆ. ಬೆಳಗ್ಗೆ ಬಸದಿಯಲ್ಲಿ ಭಗವಂತನ ದರ್ಶನ ಆಗದೆ ಬಾಯಿಗೆ ಏನೂ ಹಾಕುವುದಿಲ್ಲ, ನೀರೂ ಸಹ. ಹೊತ್ತು ಮುಳುಗಿದ ಮೇಲಂತೂ ಆ ಮನೆಯಲ್ಲಿ ಅಜ್ಜಿ ಒಂದು ಅಗುಳನ್ನೂ ಮುಟ್ಟುತ್ತಿರಲಿಲ್ಲ. ಅಷ್ಟು ವರ್ಷ ನಡೆದು ಹೋಗಿ ಬರುತ್ತಿದ್ದವರು, ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಮೇಲೆ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು. ಎತ್ತಿದಾಗಲೆಲ್ಲ ಪ್ರಾಣ ಹೋಗುವಂಥ ನೋವು. ಆ ದಾರಿಯಲ್ಲಿ ಹಾದುಹೋದ ಮುನಿಗಳೊಬ್ಬರು, ಕಾಯಿಲೆಯವರಿಗೆ ನಿಯಮದಲ್ಲಿ ರಿಯಾಯಿತಿ ಉಂಟು, ಉಪವಾಸ ಬೀಳಬೇಡಿ ಎಂದು ಹೇಳಿ ಹೋದರು. ಅಜ್ಜಿ ಕೈಮುಗಿದರೇ ಹೊರತು ರಿಯಾಯಿತಿಯನ್ನು ತೆಗೆದುಕೊಳ್ಳಲಿಲ್ಲ. ಆಗ ಮಗ ಬಸದಿಯೊಳಗೆ ಕ್ಯಾಮೆರಾ ಹಾಕಿಸಿ, ಮನೆಯಿಂದಲೇ ವೈರು ಎಳೆಸಿ, ಅಜ್ಜಿಯ ಮಂಚದ ಪಕ್ಕಕ್ಕೆ ಒಂದು ಟ್ಯಾಬು ತಂದಿಟ್ಟಿದ್ದರು.

ಮುಂಬೈಯ ನೆಂಟರಿಗೆ ಬಸದಿ ಕಾಣುತ್ತಿತ್ತು. ಹಾಸನದ ಬೀಗರಿಗೆ ಕಾಣುತ್ತಿತ್ತು. ನಮ್ಮ ಆಫೀಸಿನಲ್ಲಿ ಪೂರಿ ತಿನ್ನುತ್ತಾ ಕೂತವರಿಗೂ ಕಾಣುತ್ತಿತ್ತು. ಗೋಡೆಯ ಈಚೆ ಮಲಗಿದ್ದ ಅಜ್ಜಿಗೆ ಮಾತ್ರ ಕಾಣುತ್ತಿರಲಿಲ್ಲ.

"ನಿಮ್ಮೋರು ಫೋನಲ್ಲಿ ಸರಿಯಾಗೈತೆ, ಸರಿಯಾಗೈತೆ ಅಂತಾರೆ," ಅಂದರು ಸೊಸೆ. ಅವರನ್ನು ನಾನು ಅಕ್ಕ ಅನ್ನುತ್ತಿದ್ದೆ. ಸಣ್ಣ ದನಿಯ ಹೆಂಗಸು, ಜಗಳ ಆಡಲು ಬರುವುದಿಲ್ಲ. "ಹೊತ್ತು ನೆತ್ತಿಗೆ ಬಂತು. ದಿನಾ ಕಾದೂ ಕಾದೂ ಕೊನೆಗೆ ಕುರ್ಚೀಲೇ ಎತ್ಕೊಂಡ್ ಹೋಗೋದು. ಇವತ್ತೂ ಅತ್ತೆ ಇನ್ನೂ ಒಂದ್ ತೊಟ್ಟು ನೀರು ಕುಡ್ದಿಲ್ಲ. ನೀವೇ ನೋಡಿ."

ನಾನು ನೋಡಿದೆ. ಒಣಗಿದ ತುಟಿ, ಬಿಳೀ ಸೀರೆಯಂಥ ಮುಖ. ಆದರೆ ಕಣ್ಣು ಮಾತ್ರ ಗಿರಾಕಿಯನ್ನು ಅಳೆಯುವ ಅಂಗಡಿಯವರ ಕಣ್ಣು.

"ಅಕ್ಕನ ಫೋನಲ್ಲಿ ಬರುತ್ತಲ್ಲ ಅಜ್ಜಿ, ಅದರಲ್ಲಿ ನೋಡಬಾರದಾ?" ಅಂದೆ.

"ಅದು ಸಿಗ್ನಲ್ ಇಲ್ದೆ ನಿಂತ್ಕೊಂಬಿಡ್ತದೆ. ನಿಂತಿದ್ದು ಇವತ್ತಿನದೋ ನಿನ್ನೇದೋ ಯಾರಿಗ್ ಗೊತ್ತು? ಅದಕ್ಕೇ ದಿನಾ ಬೇರೆ ಬೇರೆ ಹೂ ಇಡಿ ಅಂತ ಪುರೋಹಿತರಿಗೆ ಹೇಳಿದೀನಿ. ನಿನ್ನೆ ಕಣಗಲೆ. ಇವತ್ತು ಏನಿಟ್ಟವ್ರೆ ಅಂತ ನೋಡ್ಬೇಕು ನಾನು."

ಮುನಿಗಳು ರಿಯಾಯಿತಿ ಕೊಟ್ಟಿದ್ದಾರಂತಲ್ಲ ಎಂದು ನಾನು ಬಾಯಿ ತಪ್ಪಿ ಅಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಂಗೆ ರಿಯಾಯಿತಿ ಬೇಡ ಕಣೇ ಕೂಸೇ. ದಾರಿ ಮಾಡ್ಕೊಡು."

ಆ ಮಾತು ಕೇಳಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದೆ. ಅಜ್ಜಿ ಸುಮ್ಮನೆ ಬಿಡುವವರಲ್ಲ. ಏನು ಮಾಡ್ತಿದೀಯ, ಅದೇನು, ಇದೇನು ಎಂದು ಕೇಳುತ್ತಲೇ ಇದ್ದರು. ಹಸಿದವರ ಮನಸ್ಸು ಬೇರೆ ಕಡೆ ಹೋಗಲಿ ಎಂದು ನಾನೂ ಹೇಳುತ್ತಾ ಹೋದೆ.

"ಕ್ಯಾಮೆರಾಕ್ಕೆ ಎರಡು ನಂಬರು ಅಜ್ಜಿ. ಮನೆ ಒಳಗೆ ಕರೆಯೋಕೆ ಒಂದು, ಹೊರಗಿನವರು ಕರೆಯೋಕೆ ಇನ್ನೊಂದು."

"ಮನೇಲಿ ಪುಟ್ಟ, ಸ್ಕೂಲಲ್ಲಿ ಬೇರೆ ಹೆಸ್ರು. ಅಷ್ಟೇ ತಾನೆ?"

"ಅಷ್ಟೇ."

"ಎಲ್ಲಾರ ಮನೇಲೂ ಒಬ್ಬ ಪುಟ್ಟ ಇರ್ತಾನೆ. ಬೀದೀಲಿ ನಿಂತು ಪುಟ್ಟ ಅಂತ ಕೂಗಿದ್ರೆ ಯಾರು ಓಗೊಡ್ತಾರೆ? ಸರಿ, ನಿನ್ನ ಡಬ್ಬಿಗೇನು ರೋಗ?"

ರೋಗ ಸಿಕ್ಕಿತು. ನಮ್ಮ ಹುಡುಗರು ನೆಂಟರ ಫೋನಿಗೆಲ್ಲ ಹಾಕಿಕೊಟ್ಟ ಹೊರಗಿನ ನಂಬರನ್ನೇ ಅಜ್ಜಿಯ ಟ್ಯಾಬಿಗೂ ಹಾಕಿದ್ದರು. ಟ್ಯಾಬು ಹೊರಗಿನ ನಂಬರನ್ನು ಕೇಳುತ್ತಿತ್ತು. ರೂಟರು ಆ ಕೋರಿಕೆಯನ್ನು ಕ್ಯಾಮೆರಾಕ್ಕೆ ದಾಟಿಸುತ್ತಿತ್ತು. ಕ್ಯಾಮೆರಾ ನೋಡಿದರೆ ಕೇಳುತ್ತಿರುವವರು ಮನೆಯೊಳಗಿನವರೇ. ಸರಿ, ಅದು ನೇರವಾಗಿ ತನ್ನ ಒಳಗಿನ ನಂಬರಿನಿಂದಲೇ ಉತ್ತರ ಕೊಡುತ್ತಿತ್ತು. ಟ್ಯಾಬು ಅದನ್ನು, ನಾನು ಕೇಳಿದ್ದು ನಿನ್ನನ್ನಲ್ಲ ಎಂದು ಬಿಸಾಡುತ್ತಿತ್ತು. ಹೊರಗಿನವರಿಗೆ ಈ ತೊಂದರೆ ಇಲ್ಲ, ಅವರಿಗೆ ಕೊಡುವ ಉತ್ತರ ರೂಟರೆಂಬ ಬಾಗಿಲಿನ ಮೂಲಕವೇ ಹೋಗಬೇಕು. ಅರಸೀಕೆರೆಯಲ್ಲಿ ಕೂತವರಿಗೆ ಈ ತಪ್ಪು ಜನ್ಮದಲ್ಲಿ ಕಾಣುವ ಹಾಗಿರಲಿಲ್ಲ. ಅದನ್ನು ಕಾಣಲು ಅಜ್ಜಿಯ ಕೋಣೆಯಲ್ಲೇ ಕೂರಬೇಕಿತ್ತು.

ಟ್ಯಾಬಿಗೆ ಒಳಗಿನ ನಂಬರು ಹಾಕಿದೆ. ಬಸದಿ ಕಾಣಿಸಿತು. ಮೂರ್ತಿಯ ಪಾದದ ಬಳಿ ಹಳದಿ ಸೇವಂತಿಗೆ ಇತ್ತು. ಅಜ್ಜಿ ಮಲಗಿದ್ದಲ್ಲೇ ಕೈ ಜೋಡಿಸಿದರು, ತುಟಿ ಅಲ್ಲಾಡಿತು. ಅಕ್ಕ ಬೆಳ್ಳಿ ಲೋಟದಲ್ಲಿ ನೀರು ತಂದರು. ಎರಡು ಗುಟುಕು ಕುಡಿದು ಅಜ್ಜಿ ನನ್ನ ಕಡೆ ತಿರುಗಿ ಕೇಳಿದ ಮೊದಲ ಮಾತು: "ನೀನು ಉಂಡ್ಯಾ?"

ಅವತ್ತಿನಿಂದ ಆ ಮನೆಯ ಹಾದಿಯಲ್ಲಿ ಕೆಲಸ ಬಿದ್ದರೆ ಅಲ್ಲಿಗೊಮ್ಮೆ ಹೋಗದೆ ಬರುತ್ತಿರಲಿಲ್ಲ. ಅಜ್ಜಿಗೆ ನಾನು ವೈರಿನ ಹುಡುಗಿ. ಮದುವೆ ಯಾವಾಗ ಎಂದು ಅವರು ಒಮ್ಮೆಯೂ ಕೇಳಲಿಲ್ಲ, ಅದಕ್ಕೇ ಅವರನ್ನು ಕಂಡರೆ ನನಗೆ ಇನ್ನಷ್ಟು ಇಷ್ಟ. ಬದಲಿಗೆ ಬೇಲೂರಿನ ಕಡೆ ಯಾವ ಕಂಬ ಬಿತ್ತು, ಬಿಕ್ಕೋಡಿನಲ್ಲಿ ಮಂಗ ವೈರು ಕಿತ್ತದ್ದು ನಿಜವೇ ಎಂದು ವಿಚಾರಿಸುತ್ತಿದ್ದರು. ಹೊರಡುವಾಗ ಕೈಗೆ ಏನಾದರೂ ತುರುಕುತ್ತಿದ್ದರು. ಕೊಬ್ಬರಿ ಬಟ್ಟಲು, ಬಾಳೆಹಣ್ಣು, ಒಮ್ಮೆ ಒಂದು ಇಡೀ ಕುಂಬಳಕಾಯಿ. ಅದನ್ನು ಸ್ಕೂಟರಿನ ಕಾಲಡಿಯಲ್ಲಿಟ್ಟುಕೊಂಡು ಅರಸೀಕೆರೆಯವರೆಗೆ ಬಂದದ್ದನ್ನು ನೆನೆದರೆ ಈಗಲೂ ಮೊಣಕಾಲು ನೋಯುತ್ತದೆ...

ಮುಂದಿನ ಮಳೆಗಾಲದಲ್ಲಿ ಅಜ್ಜಿಯ ಎದೆಯಲ್ಲಿ ಕಫ ಕಟ್ಟಿತು. ಒಂದು ಸಂಜೆ ಅರಸೀಕೆರೆಗೆ ಕರೆತಂದು, ನಮ್ಮ ಆಫೀಸಿನ ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿದರು. ಮಾರನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಅಕ್ಕ ಫೋನು ಮಾಡಿದರು.

"ಬಿಡುವಿದ್ರೆ ಬತ್ತೀಯಾ? ಟ್ಯಾಬು ತಂದಿದೀವಿ, ಇಲ್ಲಿನ ವೈಫೈಗೂ ಹಾಕ್ದೆ. ಏನೋ ಸುತ್ತುತಾ ಇತ್ತು, ಅತ್ತೆ ಕೈಗೆ ಕೊಟ್ಟು ಆಚೆ ಬಂದೆ. ಖಾಲಿ ಹೊಟ್ಟೆಗೆ ಮಾತ್ರೆ ಕೊಡಂಗಿಲ್ಲ ಅಂತ ನರ್ಸಮ್ಮ ಬಯ್ತಾವ್ರೆ. ಅತ್ತೆ ಬಾಯೇ ತೆಗೀತಿಲ್ಲ."

ನಡೆದೇ ಹೋದೆ. ದಾರಿಯಲ್ಲಿ ನನ್ನ ಫೋನಿನಲ್ಲಿ ಬಸದಿಯ ಹೊರಗಿನ ನಂಬರು ಒತ್ತಿ ನೋಡಿದೆ, ಸತ್ತಂತಿತ್ತು. ಊರಿಗೆ ಫೋನು ಮಾಡಿದರೆ ಪುರೋಹಿತರು ಸಿಕ್ಕರು. ಮಳೆಗೆ ಬೆಳಗಿನ ಜಾವ ಕಂಬ ಬಿದ್ದಿದೆ, ಕರೆಂಟು ಬಂದರೆ ಸಂಜೆಗೆ, ಇಲ್ಲದಿದ್ದರೆ ಇಲ್ಲ ಎಂದರು. ನನ್ನ ಕಾಲು ನಿಧಾನವಾಯಿತು. ಹೊತ್ತು ಮುಳುಗುವುದರೊಳಗೆ ಬಾರದಿದ್ದರೆ ಅಜ್ಜಿ ನಾಳೆಯವರೆಗೂ ಉಣ್ಣುವುದಿಲ್ಲ, ಮಾತ್ರೆಯೂ ಇಲ್ಲ. ಅವರ ಎದೆ ಅಷ್ಟು ಹೊತ್ತು ತಡೆಯುವ ಸ್ಥಿತಿಯಲ್ಲಿ ಇರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಅಕ್ಕ ಒಬ್ಬರೇ ಕೂತಿದ್ದರು. ಕಣ್ಣ ಸುತ್ತ ಕಪ್ಪು.

"ತಿಂಡಿ ಆಯ್ತಾ ಅಕ್ಕ?"

"ಅತ್ತೆ ಉಣ್ಲಿ ಮೊದ್ಲು. ಅವ್ರು ಬಾಯಿಗೆ ಹಾಕೋ ಮುಂಚೆ ನಂಗೆ ಇಳಿಯಲ್ಲ. ಅವರ ಮುಂದೆ ಹೇಳ್ಬೇಡ ಮತ್ತೆ. ಉಂಡಿದೀನಿ ಅಂತಲೇ ಹೇಳೋದು ನಾನು, ಮದುವೆಯಾಗಿ ಬಂದಾಗಿಂದ."

ಒಳಗೆ ಹೋದೆ. ಅಜ್ಜಿಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಉಸಿರು ಗೊರಗೊರ ಅನ್ನುತ್ತಿತ್ತು. ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ಅವರು ಏನನ್ನೋ ದಿಟ್ಟಿಸುತ್ತಿದ್ದರು.

"ಬಾ ಕೂಸೇ. ಇದ್ಯಾವ ಬಸದಿ ನೋಡು. ಈಗ ತಾನೇ ನೀನು ಹೋದೆ ಇದರೊಳಗೆ."

ನೋಡಿದರೆ ಪರದೆಯ ಮೇಲೆ ಆಸ್ಪತ್ರೆಯ ಮೊಗಸಾಲೆ. ನೆಲ ಒರೆಸುವ ಹೆಂಗಸು, ಗೋಡೆಗೆ ಒರಗಿಸಿದ ಗಾಲಿಕುರ್ಚಿ, ಬೆಂಚಿನ ಮೇಲೆ ಅಕ್ಕ. ಒಂದು ಕ್ಷಣ ತಲೆ ಓಡಲಿಲ್ಲ. ಓಡಿದ ಮೇಲೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಆಸ್ಪತ್ರೆಗೂ ಕ್ಯಾಮೆರಾ ಹಾಕಿದ್ದು ನಮ್ಮ ಆಫೀಸೇ. ಕೆಲಸದವರು ತಲೆ ಕೆಡಿಸಿಕೊಳ್ಳದಿರಲಿ ಎಂದು ನಮ್ಮ ಯಜಮಾನರು ಎಲ್ಲ ಕಡೆಯ ಕ್ಯಾಮೆರಾಗಳಿಗೂ ಒಂದೇ ಒಳನಂಬರು, ಒಂದೇ ಪಾಸ್‌ವರ್ಡು ಕೊಡಿಸುತ್ತಿದ್ದರು. ಮಹಾ ಬುದ್ಧಿವಂತಿಕೆ ಎಂದು ಅವರಿಗೆ ಹೆಮ್ಮೆ ಬೇರೆ. ಟ್ಯಾಬು ಪಾಪ, ಊರಿನಲ್ಲಿ ಕೇಳಿದ ಹಾಗೆಯೇ ಇಲ್ಲಿಯೂ ಆ ನಂಬರನ್ನು ಕೇಳಿತ್ತು. ಇಲ್ಲಿನ ಕ್ಯಾಮೆರಾ ಓಗೊಟ್ಟಿತ್ತು.

"ಇಲ್ಲೂ ಒಬ್ಬ ಪುಟ್ಟ ಇದ್ದಾನೆ ಅಜ್ಜಿ," ಅಂದೆ. "ಊರಲ್ಲಿ ಕರೆಂಟಿಲ್ಲ. ಬರಲಿ, ಸರಿ ಮಾಡಿಕೊಡ್ತೀನಿ. ಅಲ್ಲಿವರೆಗೆ ಏನಾದರೂ..."

ಅಜ್ಜಿ ನನ್ನ ಮಾತು ಕೇಳುತ್ತಿರಲಿಲ್ಲ. ಪರದೆಯಲ್ಲಿ ಅಜ್ಜಿಯ ಮಗ ಬಂದರು, ಕೈಯಲ್ಲಿ ಬುತ್ತಿ. ಅಕ್ಕನ ಮುಂದೆ ಹಿಡಿದರು. ಅಕ್ಕ ತಲೆಯಾಡಿಸಿದರು. ಅವರು ಮುಚ್ಚಳ ತೆಗೆದು ಮತ್ತೆ ಹಿಡಿದರು. ಅಕ್ಕ ಅದನ್ನು ಮೆಲ್ಲಗೆ ದೂಡಿ, ನಾವಿದ್ದ ಕೋಣೆಯ ಬಾಗಿಲ ಕಡೆ ಕೈ ತೋರಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು. ಮಾತು ಕೇಳಿಸುತ್ತಿರಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ.

"ಅವಳು ಉಂಡಿಲ್ವಾ?" ಅಂದರು ಅಜ್ಜಿ.

ನಾನು ಟ್ಯಾಬು ತೆಗೆದುಕೊಳ್ಳಲು ಕೈ ಚಾಚಿದೆ. ಅಜ್ಜಿ ಬಿಡಲಿಲ್ಲ.

"ಯಾವತ್ತಿಂದ ಹಿಂಗೆ? ನಿಂಗೆ ಗೊತ್ತೈತೆ, ಹೇಳು."

"ಬಂದಾಗಿನಿಂದಲೂ ಅಂತೆ," ಅಂದೆ. ಹೇಳಬೇಡ ಅಂದಿದ್ದರು ಅಕ್ಕ. ಹೇಳದೆ ಇರಲು ಆಗಲಿಲ್ಲ.

ಅಜ್ಜಿ ಬಹಳ ಹೊತ್ತು ಪರದೆ ನೋಡಿದರು. ತಮ್ಮ ನಿಯಮ ತಮ್ಮ ಹೊಟ್ಟೆಗೆ ಮಾತ್ರ ಎಂದು ಅಷ್ಟು ವರ್ಷ ನಂಬಿದ್ದವರು. ಕುರ್ಚಿಯಲ್ಲಿ ಎತ್ತಿಕೊಂಡು ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿದ್ದ ದಿನಗಳು, ನಮ್ಮ ಹಾಳು ರೂಟರಿನಿಂದ ತಡವಾದ ದಿನಗಳು, ಎಲ್ಲವೂ ನೆನಪಿಗೆ ಬಂದಿರಬೇಕು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಮುನಿಗಳು ಕೊಟ್ಟಿದ್ದ ರಿಯಾಯಿತಿ ಅಂಗೇ ಇಟ್ಟಿದೀನಲ್ಲ," ಅಂದರು ಕೊನೆಗೆ. "ಇವತ್ತು ತಗೋತೀನಿ. ಅವಳ್ನ ಒಳಕ್ಕೆ ಕರಿ. ಎರಡು ತಟ್ಟೆ ಹಾಕು."

ಅಕ್ಕ ಬಂದರು. ಅಜ್ಜಿ ಬಯ್ದರು, ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಬಯ್ದರು. "ಸುಳ್ಳಿ ನೀನು. ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೀಯ." ಅಕ್ಕ ಅಳುತ್ತಾ ಅನ್ನ ಹಾಲು ಕಲಸಿದರು. ಅವರು ಮೊದಲ ತುತ್ತು ಅಜ್ಜಿಯ ಬಾಯಿಗೆ ಇಡಲು ಹೋದರೆ ಅಜ್ಜಿ ಬಾಯಿ ಬಿಗಿ ಹಿಡಿದು ಅಕ್ಕನ ತಟ್ಟೆ ತೋರಿಸಿದರು. ಅಕ್ಕ ಒಂದು ತುತ್ತು ನುಂಗಿದ ಮೇಲೆಯೇ ಅವರು ಬಾಯಿ ತೆರೆದದ್ದು. ನರ್ಸಮ್ಮ ಮಾತ್ರೆ ಕೊಟ್ಟರು. ನಾನು ಟ್ಯಾಬು ಎತ್ತಿಕೊಂಡು ಆಚೆ ಬಂದು ಕಾಂಪೌಂಡಿನಲ್ಲಿ ಚೆನ್ನಾಗಿ ಅತ್ತೆ.

ಬಿಸಿಲು ಇಳಿಯುವ ಹೊತ್ತಿಗೆ ಊರಿಗೆ ಕರೆಂಟು ಬಂತು. ಟ್ಯಾಬಿಗೆ ಹೊರಗಿನ ನಂಬರು ಹಾಕಿಕೊಟ್ಟೆ. ಬಸದಿ ಕಾಣಿಸಿತು. ಅಜ್ಜಿ ಕೈ ಜೋಡಿಸಿ, "ಇವತ್ತು ಮೊದ್ಲು ಉಂಡ್ಬಿಟ್ಟೆ ಸ್ವಾಮಿ, ನಮ್ಮ ಹುಡುಗಿ ಹಸಿದಿದ್ಲು," ಅಂದರು, ಪಕ್ಕದ ಮನೆಯವರಿಗೆ ಹೇಳುವಷ್ಟು ಸಲೀಸಾಗಿ.

ಅಜ್ಜಿ ಊರಿಗೆ ಮರಳಿದ ಮೇಲೆ ನಾನು ಹೋಗಿ ಅವರ ಮಂಚದ ಪಕ್ಕದಲ್ಲೇ ಬೇರೆ ರೂಟರು ಹಾಕಿದೆ. ಮನೆಯೊಳಗಿನವರು ಹೊರಗಿನ ನಂಬರು ಕೇಳಿದರೂ ಬಾಗಿಲಲ್ಲೇ ತಿರುಗಿಸಿ, ಉತ್ತರವನ್ನೂ ಅದೇ ಬಾಗಿಲಿನಿಂದ ತಂದುಕೊಡುವಂಥದ್ದು. ಅಜ್ಜಿ ಎಲ್ಲಿದ್ದರೂ ಒಂದೇ ನಂಬರು ಸಾಕು. ಯಜಮಾನರ ಜೊತೆ ಜಗಳವಾಡಿ ಎಲ್ಲ ಕಡೆಯ ಒಳನಂಬರು, ಪಾಸ್‌ವರ್ಡುಗಳನ್ನೂ ಬದಲಾಯಿಸುವಂತೆ ಮಾಡಿದೆ. ಬಸದಿಯಿಂದ ಬಂದ ಗಂಧವನ್ನು ಹಣೆಗೆ ಇಟ್ಟುಕೊಂಡು, ಬೆರಳಲ್ಲಿ ಉಳಿದದ್ದನ್ನು ಅಜ್ಜಿ ದಿನವೂ ಆ ರೂಟರಿಗೆ ಹಚ್ಚುತ್ತಿದ್ದರು. ಗಾಳಿ ಆಡುವ ಕಿಂಡಿ, ಮುಚ್ಚಬೇಡಿ ಎಂದು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. "ಹಗಲೂ ರಾತ್ರಿ ದುಡೀತದೆ. ಅದಕ್ಕೂ ತಂಪಾಗ್ಲಿ ಬಿಡು."

ಒಂದು ದಿನ ಅಜ್ಜಿಯೇ ಫೋನು ಮಾಡಿಸಿ, ಅಡುಗೆಮನೆಗೂ ಒಂದು ಕ್ಯಾಮೆರಾ ಬೇಕು, ತಗೊಂಡು ಬಾ ಅಂದರು. ಸೊಸೆ ಉಂಡಳೋ ಇಲ್ಲವೋ ತಾವೇ ನೋಡಬೇಕಂತೆ. ನಾನು ಕ್ಯಾಮೆರಾ ಹಿಡಿದು ಹೋದೆ. ಹೋದರೆ ಅಕ್ಕ ಆಗಲೇ ತಮ್ಮ ತಟ್ಟೆಯನ್ನು ಅಜ್ಜಿಯ ಕೋಣೆಗೆ ತಂದುಕೊಂಡು ಮಂಚದ ಪಕ್ಕ ಕೂತಿದ್ದರು. "ನಮ್ಮತ್ತೆಗೆ ನನ್ ಮೇಲೆ ನಂಬಿಕೆ ಇಲ್ಲ ಕಣಮ್ಮ. ಕಾವಲು ಹಾಕಿಸ್ತಾರಂತೆ. ಅದಕ್ಕೆ ಕಣ್ಮುಂದೇ ಉಣ್ತೀನಿ ಅಂತ ಬಂದೆ," ಅಂದರು ನಗುತ್ತಾ. ಅಕ್ಕ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕ್ಯಾಮೆರಾ ವಾಪಸು ಬಂತು. ಆಮೇಲೆ ಅತ್ತೆ ಸೊಸೆ ಇಬ್ಬರೂ ಆ ಕೋಣೆಯಲ್ಲೇ ಒಟ್ಟಿಗೆ ಉಣ್ಣುತ್ತಿದ್ದರು.

ಅದರ ಮುಂದಿನ ಬೇಸಿಗೆಯಲ್ಲಿ ಅಜ್ಜಿ ಹೋದರು. ನಿದ್ದೆಯಲ್ಲೇ. ನಾನು ಗೆಂಡೆಹಳ್ಳಿಯಲ್ಲಿ ಕಂಬದ ಕೆಳಗೆ ನಿಂತಿದ್ದಾಗ ಫೋನು ಬಂತು. ಏಣಿ ಮಡಚಿ ಹಾಗೇ ಹೊರಟೆ...

ಕಳೆದ ವಾರ ಅಕ್ಕ ಫೋನು ಮಾಡಿ, ಊರವರೇ ಬಸದಿಗೆ ಬೇರೆ ಸಂಪರ್ಕ ಹಾಕಿಸಿದ್ದಾರೆ, ನಮ್ಮದು ಇನ್ನು ಬೇಡ, ಬಿಚ್ಚಿಕೊಂಡು ಹೋಗು ಅಂದರು. ಹೋದಾಗ ಮಧ್ಯಾಹ್ನ ಮೀರಿತ್ತು. ಮನೆಯವರದೆಲ್ಲ ಊಟವಾಗಿತ್ತು. ಅಕ್ಕನದು ಆಗಿರಲಿಲ್ಲ. ನನಗೂ ಸೇರಿಸಿ ಎರಡು ತಟ್ಟೆಗಳನ್ನು ಅಜ್ಜಿಯ ಕೋಣೆಗೇ ತಂದರು. ಮಂಚ ತೆಗೆದಿದ್ದರು. ಅದಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿ ಕಾಣುತ್ತಿತ್ತು.

"ಇಷ್ಟು ಹೊತ್ತಾದರೂ ಉಂಡಿಲ್ಲವಲ್ಲ ಅಕ್ಕ, ನೀವೂ ನಿಯಮ ತಗೊಂಡ್ರಾ?" ಅಂದೆ.

"ನಿಯಮ ಏನಿಲ್ಲಮ್ಮ." ಅಕ್ಕ ನೆಲ ನೋಡಿದರು. "ತಟ್ಟೆ ಮುಂದೆ ಕೂತ್ರೆ, ಅತ್ತೆ ಇನ್ನೂ ಉಂಡಿಲ್ಲ ಅನ್ನಿಸ್ತದೆ."

ನನಗೂ ಹಾಗೇ ಅನ್ನಿಸುತ್ತಿತ್ತು. ಅವರಿಲ್ಲ ಎಂಬುದು ಗೊತ್ತಿದ್ದೂ ಇಬ್ಬರೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೆವು. ಅನ್ನ ಆರುತ್ತಿತ್ತು. ಆಮೇಲೆ ನಾನು ಕಲಸಿದೆ, ಒಂದು ತುತ್ತು ಬಾಯಿಗಿಟ್ಟುಕೊಂಡು ನುಂಗಿದೆ. ಅಕ್ಕ ಅದನ್ನು ನೋಡಿ, ತಮ್ಮ ತಟ್ಟೆಗೆ ಕೈ ಹಾಕಿದರು.